ಅಳಿವೆ ಬಾಯಿಯ ಬಿಳಿ ಬಟ್ಟೆ

ತಟ್ಟೆಯ ಮುಂದೆ ಕೂತು ಕಾಗದ ಓದಬೇಡ ಎಂದು ಎಷ್ಟು ಸಲ ಹೇಳಿದರೂ ಟೀಚರ್ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಟೀಚರ್ ಅಂದರೆ ಬೇರೆ ಯಾರೂ ಅಲ್ಲ, ಊರಿನ ಬಲೆ ಹೆಣೆಯುವ ಬಲೆಯಕ್ಕನ ಮೈದುನನ ಮಗಳು. ಬಂದರಿನ ಶಾಲೆಯಲ್ಲಿ ಪಾಠ ಹೇಳುವವಳು. ಮೀನುಗಾರರ ಸಂಘದವರು ಹರಾಜುಕಟ್ಟೆಯ ಉದ್ದನೆಯ ಗೋಡೆಗೆ ಸುಣ್ಣ ಹೊಡೆಸಿ, ಬಂದರಿನ ದೋಣಿಗಳ ಚರಿತ್ರೆಯನ್ನು ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸುವುದೆಂದು ತೀರ್ಮಾನಿಸಿದ್ದರು. ಸಂಘದ ಅಧ್ಯಕ್ಷನ ಮಗಳು ಇರುವಾಗ ಬರೆಯಲು ಬೇರೆಯವರನ್ನು ಹುಡುಕುವ ಕೆಲಸವೇನು? ಅಧ್ಯಕ್ಷ ಮೈದುನನೇ.

ಆ ಭಾನುವಾರ ಮಧ್ಯಾಹ್ನ ನಾಲ್ವರು ಊಟಕ್ಕೆ ಕೂತಿದ್ದರು. ಮೈದುನ, ಅವನ ಹೆಂಡತಿ, ಟೀಚರ್, ದೋಣಿ ಇಂಜಿನ್ ರಿಪೇರಿ ಮಾಡುವ ಬಲೆಯಕ್ಕನ ಮಗ. ಬಲೆಯಕ್ಕ ಬಡಿಸುತ್ತಿದ್ದಳು. ಟೀಚರ್ ಎಡಗೈಯಲ್ಲಿ ಹಾಳೆ ಹಿಡಿದು ಓದಿದಳು. ಹಾಯಿದೋಣಿಗಳ ಕಾಲ ಮುಗಿಯಿತು, ಇಂಜಿನ್ ಬಂತು. ಐಸ್ ಕಾರ್ಖಾನೆ ಬಂತು, ದೋಣಿಗಳು ಮೂವತ್ತು ದಾಟಿದವು, ದೋಣಿ ಕಟ್ಟುವ ಧಕ್ಕೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಹೊರಗಿನ ದೊಡ್ಡ ಹಡಗುಗಳು ಸಮುದ್ರದ ತಳವನ್ನೇ ಕೆರೆದುಕೊಂಡು ಹೋದವು. ಐಸ್ ಕಾರ್ಖಾನೆಗೆ ಬೀಗ ಬಿತ್ತು. ಈಗ ಉಳಿದದ್ದು ನಾಲ್ಕು ದೋಣಿ.

"ಚೆನ್ನಾಗಿದೆ," ಎಂದ ಮೈದುನ. "ಆ ದುರಂತದ ಭಾಗ ಓದು."

ಟೀಚರ್ ದೊಡ್ಡಮ್ಮನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಓದಿದಳು. "ಬಿರುಗಾಳಿಯ ಆ ದಿನ, ದಡದ ಸೂಚನೆಗೆ ಕಾಯದೆ ಅವಸರದಿಂದ ಅಳಿವೆಗೆ ನುಗ್ಗಿದ ಕೆಂಪು ದೋಣಿ ಮರಳದಿಣ್ಣೆಗೆ ಬಡಿದು ಮಗುಚಿತು. ನಾಲ್ವರು ಜೀವ ಕಳೆದುಕೊಂಡರು."

ಬಲೆಯಕ್ಕನ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು. ಕೆಂಪು ದೋಣಿಯ ಚುಕ್ಕಾಣಿ ಹಿಡಿದಿದ್ದವನು ಅವಳ ಗಂಡ.

"ಅದನ್ನ ಗೋಡೆ ಮೇಲೆ ಬರೀತೀರಾ?" ಎಂದಳು.

"ನಡೆದದ್ದು ತಾನೇ ಅತ್ತಿಗೆ," ಎಂದ ಮೈದುನ. "ನನ್ನ ಸ್ವಂತ ಅಣ್ಣ. ನಂಗೆ ಹೊಟ್ಟೆ ಉರಿಯಲ್ವಾ? ಆದ್ರೆ ಚರಿತ್ರೆ ಅಂದ್ರೆ ಚರಿತ್ರೆ. ನಮ್ಮ ಮನೆಯವರು ಅಂತ ತಿದ್ದೋಕಾಗತ್ತಾ?"

"ಅವಸರದಿಂದ ಅನ್ನೋ ಮಾತಾದ್ರೂ ತೆಗೀಬಹುದು."

"ಅವಸರ ಮಾಡಿದ್ದಕ್ಕೇ ಅಲ್ವಾ ಹೋಗಿದ್ದು? ಬಂಡೆ ಮೇಲೆ ನಾನು ನಿಂತಿದ್ದೆ, ಕೈ ಕೆಳಗಿತ್ತು. ಅಣ್ಣ ಕಾಯಲಿಲ್ಲ. ಸಾರಿಗೆ ಉಪ್ಪು ಹಾಕಿದೀರಾ?"

ಅಣ್ಣನ ಮಾತು ಬಂದಾಗಲೆಲ್ಲ ಅವನಿಗೆ ಸಾರಿನಲ್ಲಿ ಉಪ್ಪು ಕಡಿಮೆಯಾಗುತ್ತಿತ್ತು. ಬಲೆಯಕ್ಕ ಉಪ್ಪಿನ ಭರಣಿ ತಂದು ಅವನ ತಟ್ಟೆಯ ಪಕ್ಕದಲ್ಲಿ ಕುಕ್ಕಿದಳು.

ಆ ಬಂದರಿನ ವಿಷಯ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಅಡ್ಡವಾಗಿ ಒಂದು ಮರಳದಿಣ್ಣೆ ಇದೆ. ಕಡಲು ಎದ್ದಾಗ ಅಲೆಗಳು ಅದರ ಮೇಲೆ ಒಡೆಯುತ್ತವೆ. ಎರಡು ದೊಡ್ಡ ಅಲೆಗಳ ನಡುವೆ ಸಿಗುವ ಬಿಡುವಿನಲ್ಲಿ ದೋಣಿ ಒಳಗೆ ನುಗ್ಗಬೇಕು. ಹೊರಗಿರುವವನಿಗೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ. ಮುಂದೆ ಏನಿದೆಯೆಂದು ಕಾಣುವುದಿಲ್ಲ. ಅದಕ್ಕೇ ಬಾಯಿಯ ಪಕ್ಕದ ಬಂಡೆಯ ಮೇಲೆ ಒಬ್ಬನನ್ನು ನಿಲ್ಲಿಸುತ್ತಿದ್ದರು. ಅವನ ಕೈಯಲ್ಲಿ ಬಿಳಿ ಬಟ್ಟೆ. ಕೈ ಕೆಳಗಿದ್ದರೆ ಕಾಯಿರಿ ಎಂದು, ಎತ್ತಿದರೆ ಬನ್ನಿ ಎಂದು. ಅವನನ್ನು ಕೈಯೆತ್ತುವವನು ಎನ್ನುತ್ತಿದ್ದರು. ದೋಣಿಯವರ ಪ್ರಾಣ ಅವನ ತೋಳಿನಲ್ಲಿರುತ್ತಿತ್ತು. ಆಮೇಲೆ ಮೀನುಗಾರಿಕೆ ಇಲಾಖೆಯವರು ಕೆಂಪು ಹಸಿರು ದೀಪದ ಕಂಬ ನೆಟ್ಟರು, ಆ ಕೆಲಸ ಹೋಯಿತು. ಕಡೆಯ ಕೈಯೆತ್ತುವವನು ಮೈದುನ.

ಆ ದಿನ ಬಲೆಯಕ್ಕ ಬೆಳಗಿನಿಂದ ಧಕ್ಕೆಯ ಕೊಟ್ಟಿಗೆಯಲ್ಲಿ ಬಲೆ ಹೆಣೆಯುತ್ತಿದ್ದಳು. ಹೊರಡುವಾಗ ಬಿಳಿ ಬಟ್ಟೆಗೆ ಇಸ್ತ್ರಿ ಹಾಕಿ, ನಾಲ್ಕು ಮಡಿಕೆ ಮಾಡಿ, ಮೈದುನನಿಗೆಂದು ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದ್ದಳು. ಮಳೆ ಸುರಿಯಿತು, ಕೂಗಾಟ ಕೇಳಿತು, ಸಂಜೆಗೆ ಗಂಡನನ್ನು ಹಲಗೆಯ ಮೇಲೆ ಹೊತ್ತು ತಂದು ಅಂಗಳದಲ್ಲಿ ಮಲಗಿಸಿದರು. ಅವನ ಮುಖದ ಮೇಲಿನ ಮರಳು ಒರೆಸಲು ಬಟ್ಟೆ ಹುಡುಕುತ್ತಾ ಒಳಗೆ ಓಡಿದಳು. ಕೈಗೆ ಸಿಕ್ಕಿದ್ದು ಬಾಗಿಲ ಹಿಂದಿನ ಬಿಳಿ ಬಟ್ಟೆ. ಅದು ಖಡಕ್ಕಾಗಿ ಒಣಗಿತ್ತು. ಬೆಳಿಗ್ಗೆ ಅವಳು ಹಾಕಿದ ಮಡಿಕೆ ಹಾಗೇ ಇತ್ತು.

ಅಂಗಳದಲ್ಲಿ ಮೈದುನ ಎದೆ ಬಡಿದುಕೊಂಡು ಅಳುತ್ತಿದ್ದ. "ಮಳೇಲಿ ನೆನೀತಾ ನಿಂತಿದ್ದೆ! ಬಟ್ಟೆ ಹಿಡ್ಕೊಂಡು ನಿಂತಿದ್ದೆ! ಅಣ್ಣ ನನ್ನ ಕೈ ನೋಡಲೇ ಇಲ್ಲ!"

ಬಲೆಯಕ್ಕ ಸೆರಗಿನಿಂದ ಗಂಡನ ಮುಖ ಒರೆಸಿದಳು. ಬಟ್ಟೆಯನ್ನು ಮಡಿಕೆ ಬಿಚ್ಚದೆ ಟ್ರಂಕಿಗೆ ಹಾಕಿದಳು. ಬಾಯಿ ಬಿಡಲಿಲ್ಲ. ಮಗ ಇನ್ನೂ ತೊದಲು ಮಾತಿನವನು, ಮನೆ ಮೈದುನನ ಕೈಗೆ ಬಂದಿತ್ತು. ತಲೆಯ ಮೇಲಿನ ಸೂರು ಯಾರದೋ ಅವರ ಸುಳ್ಳನ್ನೂ ಹೊರಬೇಕು. ದೋಣಿಯಲ್ಲಿ ಸತ್ತ ಉಳಿದ ಮೂವರ ಹೆಂಡಿರು ಮೀನು ಮಾರುವ ಕಟ್ಟೆಯಲ್ಲಿ ಅವಳನ್ನು ಕಂಡರೆ ಉಗಿದು ಎದ್ದು ಹೋಗುತ್ತಿದ್ದರು. "ನಿನ್ನ ಗಂಡನ ಅವಸರಕ್ಕೆ ನಮ್ಮ ತಾಳಿ ಹೋಯ್ತು" ಎಂದು ಮುಖಕ್ಕೆ ಹೊಡೆದಂತೆ ಹೇಳಿದವಳೂ ಇದ್ದಳು. ಎಲ್ಲವನ್ನೂ ನುಂಗಿದಳು. ಮೂವತ್ತು ವರ್ಷ ಅವನ ತಟ್ಟೆಗೆ ಅನ್ನ ಬಡಿಸಿದಳು. ಬೂದಿ ಮುಚ್ಚಿದ ಕೆಂಡ ಎನ್ನುತ್ತಾರಲ್ಲ, ಅವಳ ಹೊಟ್ಟೆಯಲ್ಲಿದ್ದದ್ದು ಅದೇ. ಈಗ ಮಗಳ ಕೈಯಲ್ಲಿ ಬರೆಸಿ ಆ ಬೂದಿಯನ್ನು ಅವನೇ ಊದಿದ್ದ.

ಎರಡು ದಿನ ಬಿಟ್ಟು ಅವನೇ ಬಂದು ಕೇಳಿದ. "ಅತ್ತಿಗೆ, ಆ ಹಳೇ ಬಿಳಿ ಬಟ್ಟೆ ನಿಮ್ಮ ಟ್ರಂಕಲ್ಲಿದೆ ಅಲ್ವಾ? ಗೋಡೆ ಪಕ್ಕ ಗಾಜಿನ ಪೆಟ್ಟಿಗೇಲಿ ಇಡೋಣ ಅಂತ."

ಆ ಬಟ್ಟೆ ತನ್ನ ಕೊರಳಿಗೇ ಹಗ್ಗ ಎಂಬುದು ಅವನಿಗೆ ಹೊಳೆಯಲಿಲ್ಲ. ತನ್ನ ಸುಳ್ಳನ್ನು ತಾನೇ ಅಷ್ಟು ಸಲ ಹೇಳಿಕೊಂಡು, ನಿಜವಾಗಿಯೂ ನೆನೆದಿದ್ದೆ ಎಂದು ನಂಬಿಬಿಟ್ಟಿದ್ದ.

"ಗಾಜಿನ ಪೆಟ್ಟಿಗೇಲಿ ಯಾಕೆ?" ಎಂದಳು ಬಲೆಯಕ್ಕ. "ಗೋಡೆ ಉದ್ಘಾಟನೆ ದಿನ ನೀವೇ ಬಂಡೆ ಮೇಲೆ ನಿಂತು ಎತ್ತಿ. ನಾಲ್ಕು ದೋಣಿ ಹೊರಗೆ ನಿಂತಿರಲಿ, ನಿಮ್ಮ ಕೈ ನೋಡಿ ಒಳಗೆ ಬರಲಿ. ಈಗಿನ ಮಕ್ಕಳಿಗೆ ಕೈಯೆತ್ತುವವನು ಅಂದ್ರೆ ಏನು ಗೊತ್ತು? ಅವರೂ ನೋಡಲಿ."

ಮೈದುನನ ಮುಖ ಅರಳಿತು. "ಅತ್ತಿಗೆ, ನಿಮ್ಮ ತಲೆಗೆ ಬಂದಿದ್ದು ನನ್ನ ತಲೆಗೆ ಬರಲಿಲ್ಲ ನೋಡಿ!"

"ಇಲಾಖೆ ಸಾಹೇಬರನ್ನೂ ಬಂಡೆ ಹತ್ರಾನೇ ಕೂರಿಸಿ. ಕುರ್ಚಿ ಹಾಕಿಸಿ. ಊರೆಲ್ಲಾ ಬರಲಿ."

ಅಂದಿನಿಂದ ಅವಳು ಅವನ ಸಾರಿಗೆ ಉಪ್ಪು ಸರಿಯಾಗಿ ಹಾಕಿದಳು. ಮೀನಿನ ನಡುಭಾಗ ಅವನಿಗೆ, ತಲೆ ಬಾಲ ಉಳಿದವರಿಗೆ. "ನಿಮ್ಮ ಹಾಗೆ ನಿಲ್ಲೋರು ಈಗ ಯಾರಿದ್ದಾರೆ" ಎಂದು ದಿನಕ್ಕೊಂದು ಸಲ ಅಂದಳು. ಮೈದುನ ಹಿಟ್ಟಿನ ಹಾಗೆ ಉಬ್ಬಿದ. ಕನ್ನಡಿಯ ಮುಂದೆ ತೋಳು ಎತ್ತಿ ಇಳಿಸಿ ಅಭ್ಯಾಸ ಮಾಡುವುದನ್ನು ಟೀಚರ್ ನೋಡಿ ನಕ್ಕಳು. ಹೊಗಳಿ ಅಟ್ಟಕ್ಕೇರಿಸಿದ ಮೇಲೆ ಏಣಿ ತೆಗೆಯುವುದು ಎಷ್ಟರ ಕೆಲಸ?

ಮಗನಿಗೆ ಇದನ್ನು ಸಹಿಸಲಾಗಲಿಲ್ಲ. ಕೊಟ್ಟಿಗೆಗೆ ಬಂದು ಸ್ಪ್ಯಾನರನ್ನು ನೆಲಕ್ಕೆಸೆದ.

"ಅಮ್ಮ, ಮಾನ ಮರ್ಯಾದೆ ಇದೆಯಾ ನಿಂಗೆ? ಅಪ್ಪನ ಹೆಸರಿಗೆ ಗೋಡೆ ತುಂಬ ಮಸಿ ಬಳೀತಿದ್ದಾರೆ, ನೀನು ಚಿಕ್ಕಪ್ಪನಿಗೆ ಮೀನು ಆರಿಸಿ ಆರಿಸಿ ಹಾಕ್ತೀಯ!"

"ಬಾಗಿಲು ಮುಂದೆ ಮಾಡು," ಎಂದಳು ಬಲೆಯಕ್ಕ. ಬಲೆಯ ಹರುಕಿನಿಂದ ಕಣ್ಣೆತ್ತದೆ ಎಲ್ಲವನ್ನೂ ಹೇಳಿದಳು. ಮೊಳೆ, ಮಡಿಕೆ, ಒಣಗಿದ ಬಟ್ಟೆ.

ಮಗ ಸ್ಪ್ಯಾನರ್ ಎತ್ತಿಕೊಂಡು ಎದ್ದ.

"ಎಲ್ಲಿಗೆ?"

"ತಲೆ ಒಡೀತೀನಿ."

"ಕೂತ್ಕೋ. ತಲೆ ಒಡೆದ್ರೆ ಎಂಟು ದಿನಕ್ಕೆ ಗಾಯ ಮಾಯತ್ತೆ, ಊರು ಅವನ ಕಡೆ ಆಗತ್ತೆ. ನಾನು ಮೂವತ್ತು ವರ್ಷ ಕಾದಿದ್ದು ಅವನಿಗೆ ಎರಡು ಹೊಲಿಗೆ ಹಾಕಿಸೋಕಲ್ಲ."

"ಮತ್ತೇನು ಮಾಡ್ತೀಯ?"

"ಊರೆಲ್ಲಾ ನೋಡ್ತಿರುವಾಗ ಅವನು ಒಬ್ಬನೇ ನಿಲ್ಲಬೇಕು. ಅಷ್ಟು ಸಾಕು ನಂಗೆ."

ಮರುದಿನ ಹೆಣೆದ ಬಲೆ ಹೊತ್ತುಕೊಂಡು ಬೆಳ್ಳಿಮೀಸೆಯ ಮನೆಗೆ ಹೋದಳು. ಉಳಿದ ನಾಲ್ಕು ದೋಣಿಗಳಲ್ಲಿ ದೊಡ್ಡದು ಅವನದು. ಮಿಕ್ಕ ಮೂವರು ಅವನ ಮಾತು ಮೀರುವವರಲ್ಲ. ಕೆಂಪು ದೋಣಿಯಲ್ಲಿ ಸತ್ತವರಲ್ಲಿ ಅವನ ತಮ್ಮನೂ ಒಬ್ಬ. ಮೂವತ್ತು ವರ್ಷದಿಂದ ಬಲೆ ರಿಪೇರಿಗೆ ಕೊಡುತ್ತಿದ್ದ, ಅವಳ ಮುಖ ನೋಡಿ ಮಾತಾಡುತ್ತಿರಲಿಲ್ಲ.

"ಒಂದು ಮಾತು ಕೇಳ್ಬೇಕು," ಎಂದಳು ಬಲೆಯಕ್ಕ, ನಿಂತೇ. "ಆವತ್ತು ನೀವೂ ಹೊರಗಿದ್ರಲ್ಲ. ಬಂಡೆ ಮೇಲೆ ಯಾರನ್ನಾದ್ರೂ ಕಂಡ್ರಾ?"

ಬೆಳ್ಳಿಮೀಸೆ ಬಲೆ ಬಿಡಿಸುವುದನ್ನು ನಿಲ್ಲಿಸಿದ. "ಯಾಕೆ ಈಗ?"

"ಕಂಡ್ರಾ ಇಲ್ವಾ?"

"ಇಲ್ಲ. ಮಳೆ ಜೋರಿತ್ತು, ಮಳೇಲಿ ಕಾಣ್ತಿಲ್ಲ ಅಂದ್ಕೊಂಡೆ. ನನ್ನ ಇಂಜಿನ್ ಗಟ್ಟಿ ಇತ್ತು, ಸಂಜೆವರೆಗೂ ಹೊರಗೇ ತಡ್ಕೊಂಡೆ. ನಿನ್ನ ಗಂಡನ ದೋಣಿಗೆ ನೀರು ನುಗ್ತಾ ಇತ್ತು. ಒಳಗೆ ಬರದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಅವನು ಬಂಡೆ ಮುಂದೆ ಮೂರು ಸುತ್ತು ಹಾಕಿದ. ಕೈಗೋಸ್ಕರ ಹುಡುಕ್ತಾ ಇದ್ದ ಅಂತ ಈಗ ಅನ್ಸತ್ತೆ."

ಬಲೆಯಕ್ಕನ ಕಣ್ಣಿನಲ್ಲಿ ನೀರು ಬಂದದ್ದು ಆಗ. ಮೂರು ಸುತ್ತು ಹಾಕಿದವನನ್ನು ಅವಸರದವನು ಎಂದು ಗೋಡೆಗೆ ಬರೆಸುತ್ತಿದ್ದಾರೆ! ಕಣ್ಣೊರೆಸಿಕೊಂಡು ಒಣಗಿದ ಬಟ್ಟೆಯ ಕಥೆ ಹೇಳಿದಳು. ಬೆಳ್ಳಿಮೀಸೆ ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟ.

"ಆಗಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ? ನನ್ನ ಮುಖಾನೇ ನೋಡ್ತಿರಲಿಲ್ಲ ನೀವು."

ಅವನು ಒಳಗೆ ತಿರುಗಿ, "ಬಲೆಯಕ್ಕನಿಗೆ ಕೂರೋಕೆ ಮಣೆ ಹಾಕ್ರೇ," ಎಂದು ಕೂಗಿದ. ಆಮೇಲೆ ಅವರಿಬ್ಬರೂ ಕೂತು ಮಾತಾಡಿದರು.

ಮನೆಯಲ್ಲಿ ಇನ್ನೊಬ್ಬಳಿಗೆ ನಿಜ ಗೊತ್ತಿತ್ತು. ಓರಗಿತ್ತಿ, ಮೈದುನನ ಹೆಂಡತಿ. ಆ ದಿನ ಮನೆಯಲ್ಲಿ ಇದ್ದವಳು ಅವಳೊಬ್ಬಳೇ, ಮದುವೆಯಾಗಿ ಬಂದ ಹೊಸತು. ಹಿತ್ತಿಲಿನಲ್ಲಿ ಇಬ್ಬರೂ ಮೀನು ಹೆಚ್ಚುತ್ತಿದ್ದಾಗ ಬಲೆಯಕ್ಕ ನೇರವಾಗಿ ಕೇಳಿದಳು.

"ಆವತ್ತು ಮಧ್ಯಾಹ್ನ ಇವರು ಎಲ್ಲಿದ್ರು?"

ಓರಗಿತ್ತಿಯ ಕತ್ತಿ ತಪ್ಪಿ ಬೆರಳಿಗೆ ತಾಗಿತು. "ನಂಗೊತ್ತಿಲ್ಲ ಅಕ್ಕ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಬೆರಳು ತೊಳ್ಕೋ, ರಕ್ತ ಬರ್ತಿದೆ."

"ಅವರು ನನ್ನ ಗಂಡ ಅಕ್ಕ. ನಾನೇನು ಮಾಡ್ಲಿ?"

"ಸತ್ತವರು ನನ್ನ ಗಂಡ," ಎಂದಳು ಬಲೆಯಕ್ಕ.

ಉದ್ಘಾಟನೆಗೆ ಒಂದು ವಾರವಿತ್ತು. ಊಟಕ್ಕೆ ಕೂತ ಮೈದುನ ಮಗಳಿಗೆ ಹೊಸ ಸಾಲು ಹೇಳಿಕೊಡುತ್ತಿದ್ದ. "ಇದನ್ನೂ ಸೇರಿಸು. ಹೊಸದಾಗಿ ಮದುವೆಯಾದ ಹೆಂಡತಿ ಬಂಡೆ ತನಕ ಬುತ್ತಿ ತಂದಳು, ಅತ್ತು ಕರೆದಳು. ಆದ್ರೂ ಅವನು ಬಂಡೆ ಬಿಟ್ಟು ಇಳಿಯಲಿಲ್ಲ."

"ನಿಜಾನಾ ಅಮ್ಮ?" ಟೀಚರ್ ಕಣ್ಣರಳಿಸಿದಳು. "ನೀನು ಹೇಳೇ ಇರಲಿಲ್ವಲ್ಲ!"

ಓರಗಿತ್ತಿಯ ತುತ್ತು ಬಾಯಿಯ ಹತ್ತಿರವೇ ನಿಂತಿತು. "ನನ್ನನ್ನ ಯಾಕೆ ಸೇರಿಸ್ತೀರಿ ಇದಕ್ಕೆ?"

"ನಿನಗೇ ಹೆಸರು ಬರೋದು, ಬಿಡು. ಸಾಹೇಬರು ಕೇಳಿದ್ರೆ ಹೌದು ಅನ್ನು, ಸಾಕು."

"ನಾನು ಎಲ್ಲಿಗೆ ಬುತ್ತಿ ತಂದೆ?"

"ಹೌದು ಅನ್ನು ಅಂದ್ರೆ ಅನ್ನು, ಜಾಸ್ತಿ ಮಾತಾಡಬೇಡ!" ಎಂದು ಮೈದುನ ಗದರಿದ. ಓರಗಿತ್ತಿ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದಳು. ಬಲೆಯಕ್ಕ ಎಲ್ಲವನ್ನೂ ನೋಡಿದಳು, ಮೈದುನನಿಗೆ ಇನ್ನೊಂದು ಸೌಟು ಸಾರು ಹಾಕಿದಳು.

ಆ ದಿನ ಬಂತು. ಮೋಡದ ತುಣುಕೂ ಇಲ್ಲ, ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗೆ ಸಮತಟ್ಟಾಗಿತ್ತು. ಬಂಡೆಯ ಸುತ್ತ ಮರಳಿನ ಮೇಲೆ ಊರಿಗೆ ಊರೇ ನೆರೆದಿತ್ತು. ಸಾಹೇಬರು ಕುರ್ಚಿಯಲ್ಲಿ, ಸಂಘದವರು ಪಕ್ಕದಲ್ಲಿ, ಶಾಲೆಯ ಮಕ್ಕಳು ಮುಂದೆ. ಅಳಿವೆಯ ಆಚೆ ನಾಲ್ಕೂ ದೋಣಿಗಳು ಇಂಜಿನ್ ಗುರುಗುಟ್ಟಿಸುತ್ತಾ ಸಾಲಾಗಿ ನಿಂತಿದ್ದವು. ಬೆಳ್ಳಿಮೀಸೆಯ ದೋಣಿಯಲ್ಲಿ ಬಲೆಯಕ್ಕನ ಮಗನೂ ಇದ್ದ.

ಬಲೆಯಕ್ಕ ಟ್ರಂಕಿನಿಂದ ತೆಗೆದ ಬಟ್ಟೆಯನ್ನು ಬೆಳಿಗ್ಗೆಯೇ ಮೈದುನನ ಕೈಗೆ ಕೊಟ್ಟಿದ್ದಳು. ಹಳದಿ ತಿರುಗಿತ್ತು, ಮಡಿಕೆಯ ಗೆರೆಗಳು ಉಳಿದಿದ್ದವು. "ಎಷ್ಟು ಜೋಪಾನ ಮಾಡಿದೀರಿ ಅತ್ತಿಗೆ!" ಎಂದಿದ್ದ.

ಮೈದುನ ಬಂಡೆ ಹತ್ತಿದ. ಟೀಚರ್ ಮೈಕಿನಲ್ಲಿ ಕೈಯೆತ್ತುವವನ ಕೆಲಸ ಏನೆಂದು ವಿವರಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಮೈದುನ ಎದೆಯುಬ್ಬಿಸಿ ತೋಳು ಮೇಲೆತ್ತಿದ, ಬಿಳಿ ಬಟ್ಟೆ ಗಾಳಿಗೆ ಬಿಚ್ಚಿಕೊಂಡಿತು.

ಒಂದು ದೋಣಿಯೂ ಅಲುಗಲಿಲ್ಲ.

ಅವನು ಬಟ್ಟೆ ಬೀಸಿದ. ದೋಣಿಗಳು ಇದ್ದಲ್ಲೇ ಇದ್ದವು. ಸಾಹೇಬರು ಸಂಘದ ಕಾರ್ಯದರ್ಶಿಯ ಕಡೆ ತಿರುಗಿ, "ಏನಾಯ್ತು, ಇಂಜಿನ್ ಕೆಟ್ಟಿದ್ಯಾ?" ಎಂದರು. ಬಿಸಿಲು ಏರುತ್ತಿತ್ತು. ಮೈದುನ ತೋಳು ಬದಲಾಯಿಸಿದ. ಬೆವರು ತೋಳಿನಿಂದ ಕಂಕುಳಿಗೆ ಇಳಿಯಿತು.

"ಬನ್ರೋ! ಕೈ ಎತ್ತಿದೀನಲ್ಲೋ! ಕಣ್ಣು ಕಾಣಲ್ವಾ?" ಎಂದು ಕೂಗಿದ.

ಅಳಿವೆಯ ಬಾಯಿ ಕಿರಿದು, ಕೂಗಿದರೆ ಕೇಳುತ್ತದೆ. ಬೆಳ್ಳಿಮೀಸೆ ದೋಣಿಯ ಮೂತಿಯಲ್ಲಿ ನಿಂತು ಎರಡೂ ಕೈಯನ್ನು ಬಾಯಿಗಿಟ್ಟು ಕೂಗಿದ.

"ಬಂಡೆ ಮೇಲೆ ಯಾರೂ ಇಲ್ಲ!"

ಎರಡನೇ ದೋಣಿಯವರು ಕೂಗಿದರು. "ಯಾರೂ ಇಲ್ಲ!" ಮೂರನೆಯವರು, ನಾಲ್ಕನೆಯವರು. ಕೊನೆಗೆ ಬಲೆಯಕ್ಕನ ಮಗನ ಗಂಟಲು ಬಿರಿದ ದನಿ ಕೇಳಿತು. "ಆವತ್ತೂ ಯಾರೂ ಇರಲಿಲ್ಲ!"

ಮಕ್ಕಳು ಆಟವೆಂದುಕೊಂಡು ನಕ್ಕರು. ದೊಡ್ಡವರು ನಗಲಿಲ್ಲ. ಮೈದುನನ ಕೈ ಮೇಲೆಯೇ ಇತ್ತು. ಇಳಿಸಿದರೆ ಒಪ್ಪಿಕೊಂಡಂತೆ, ಎತ್ತಿಕೊಂಡೇ ಇದ್ದರೆ ನಗೆಪಾಟಲು. ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬಲೆಯಕ್ಕ ಮರಳಿನಲ್ಲಿ ಕೂತು ಮೊಣಕಾಲು ತಬ್ಬಿಕೊಂಡು ಆ ಕೈಯನ್ನೇ ನೋಡಿದಳು. ಅದು ತಗ್ಗಿತು, ಮತ್ತೆ ಎದ್ದಿತು. ಇಂಥ ಸುಖ ಅವಳಿಗೆ ಮದುವೆಯಾದ ವರ್ಷದ ನಂತರ ಸಿಕ್ಕಿರಲಿಲ್ಲ. ಸುಖವೇ ಅದು, ಬೇರೆ ಹೆಸರು ಯಾಕೆ ಕೊಡಬೇಕು?

ಕೆಂಪು ದೋಣಿಯಲ್ಲಿ ಗಂಡನನ್ನು ಕಳೆದುಕೊಂಡ ಮುದುಕಿಯೊಬ್ಬಳು ಕೋಲೂರಿಕೊಂಡು ಎದ್ದಳು. ಮೀನುಕಟ್ಟೆಯಲ್ಲಿ ಬಲೆಯಕ್ಕನನ್ನು ಕಂಡು ಉಗಿಯುತ್ತಿದ್ದವಳು. ಮೈದುನನನ್ನು ಕೇಳಲಿಲ್ಲ, ನೇರವಾಗಿ ಓರಗಿತ್ತಿಯ ಮುಂದೆ ಹೋಗಿ ನಿಂತಳು.

"ಏನಮ್ಮಾ, ಆವತ್ತು ನಿನ್ನ ಗಂಡ ಎಲ್ಲಿದ್ದ?"

ಓರಗಿತ್ತಿ ತಲೆ ತಗ್ಗಿಸಿದಳು. ಬಂಡೆಯ ಮೇಲಿನಿಂದ ಮೈದುನ ಕಿರುಚಿದ. "ಹೇಳೇ! ಬುತ್ತಿ ತಂದಿದ್ದೆ ಅಂತ ಹೇಳೇ!"

ಆ ಮಾತು ಕೇಳಿದ್ದೇ ಓರಗಿತ್ತಿ ತಲೆಯೆತ್ತಿದಳು.

"ಮನೇಲಿದ್ರು," ಎಂದಳು. "ಮಳೆ ನಿಂತ ಮೇಲೆ ಹೋಗ್ತೀನಿ ಅಂದ್ರು. ಎರಡು ಸಲ ಬಡಿಸಿಕೊಂಡು ಊಟ ಮಾಡಿದ್ರು. ಮಲಗಿದ್ರು. ಕೂಗಾಟ ಕೇಳಿ ನಾನೇ ಎಬ್ಬಿಸಿದ್ದು."

ಅಮ್ಮನ ಪಕ್ಕಕ್ಕೆ ಬಂದಿದ್ದ ಟೀಚರ್ ಕೈಯಲ್ಲಿ ಮೈಕು ಇನ್ನೂ ಆರಿರಲಿಲ್ಲ. ಅಮ್ಮನ ಮಾತು ಕಂಬದ ಮೇಲಿನ ಸ್ಪೀಕರಿನಿಂದ ಊರಿಗೆಲ್ಲ ಕೇಳಿತು.

ಮೈದುನನ ಕೈ ಕೆಳಗೆ ಬಿತ್ತು. ಅದು ಬಿದ್ದ ಕೂಡಲೇ ಬೆಳ್ಳಿಮೀಸೆಯ ದೋಣಿ ಹೊರಟಿತು. ಅದರ ಹಿಂದೆ ಉಳಿದ ಮೂರೂ. ಸೂಚನೆಗೆ ಕಾಯದೆ, ಬಂಡೆಯ ಕಡೆ ಕತ್ತೂ ತಿರುಗಿಸದೆ, ಒಂದರ ಹಿಂದೊಂದು ಅಳಿವೆ ದಾಟಿ ಒಳಗೆ ಬಂದವು. ಸಾಹೇಬರು ಕಾರು ಹತ್ತಿ ಹೋದರು. ಜನ ಒಬ್ಬೊಬ್ಬರಾಗಿ ಧಕ್ಕೆಯ ಕಡೆ ನಡೆದರು. ಬಂಡೆಯ ಹತ್ತಿರ ಯಾರೂ ಹೋಗಲಿಲ್ಲ. ಮುದುಕಿ ಮಾತ್ರ ಬಲೆಯಕ್ಕನ ಮುಂದೆ ಬಂದು ನಿಂತಳು. ಅವಳ ಸೆರಗಿಗೆ ಅಂಟಿದ್ದ ಮರಳನ್ನು ಕೊಡವಿದಳು.

ಟೀಚರ್ ಮನೆಗೆ ಬರದೆ ಹರಾಜುಕಟ್ಟೆಗೆ ಹೋದಳಂತೆ. ಸುಣ್ಣದ ಬಕೆಟ್ಟಿಗೆ ಕುಂಚ ಅದ್ದಿ, ತಾನು ಬರೆದ ಸಾಲಿನ ಮೇಲೆ ತಾನೇ ಬಳಿಯುತ್ತಿದ್ದಾಳೆ, ಅಳುತ್ತಿದ್ದಾಳೆ ಎಂದು ಮಗ ಬಂದು ಹೇಳಿದ. ಬಲೆಯಕ್ಕನಿಗೆ ಆ ಹುಡುಗಿಯ ಮೇಲೆ ಕನಿಕರ ಬಂತು. ಅವಳ ಪಾಲಿನ ಮೀನಿನ ತುಂಡು ಮುಚ್ಚಿಟ್ಟಳು.

ಬಿಸಿಲು ಇಳಿದ ಮೇಲೆ ಮೈದುನ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ. ಮೂವತ್ತು ವರ್ಷದಲ್ಲಿ ಅವನು ಆ ಬಾಗಿಲಿನಿಂದ ಬಂದದ್ದು ಅದೇ ಮೊದಲು. ಓರಗಿತ್ತಿ ಅವನನ್ನು ಕಂಡು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಅವನ ಮುಷ್ಟಿಯಲ್ಲಿ ಬಟ್ಟೆ ಇನ್ನೂ ಇತ್ತು, ಬಿಡುವುದನ್ನೇ ಮರೆತಿದ್ದ. ಬಲೆಯಕ್ಕ ಅವನ ಬೆರಳು ಬಿಡಿಸಿ ಅದನ್ನು ತೆಗೆದುಕೊಂಡಳು. ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಹಿಂಡಿದಳು. ನೆಲದ ಮೇಲೆ ಹನಿ ಬಿತ್ತು.

"ನೋಡು," ಎಂದಳು. ಅವನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ. "ಬಂಡೆ ಮೇಲೆ ನಿಂತವನ ಬಟ್ಟೆ ಹೀಗಿರತ್ತೆ."

ಆಮೇಲೆ ಹಿತ್ತಿಲ ಕಡೆ ಕೈ ತೋರಿಸಿದಳು.

"ಕೈ ತೊಳ್ಕೊಂಡು ಬಾ, ಬಡಿಸ್ತೀನಿ. ಏನಾದ್ರೂ ನೀನು ಊಟ ಬಿಡೋನಲ್ಲ ಅಂತ ನಂಗೊತ್ತು."

ಬಟ್ಟೆ ಹಿಡಿದುಕೊಂಡು ಅವಳು ಮುಂಬಾಗಿಲಿಗೆ ಬಂದಳು. ಧಕ್ಕೆಯಿಂದ ಮನೆಗೆ ಹೋಗುವವರೆಲ್ಲ ಆ ಬೀದಿಯಲ್ಲೇ ಹಾಯಬೇಕು. ಅಂಗಳದ ತಂತಿಯ ಮೇಲೆ ಬಟ್ಟೆಯನ್ನು ಅಗಲವಾಗಿ ಹರವಿ, ಗಾಳಿಗೆ ಹಾರದಂತೆ ಎರಡೂ ತುದಿಗೆ ಕ್ಲಿಪ್ಪು ಸಿಕ್ಕಿಸಿ, ಅನ್ನ ಬಡಿಸಲು ಒಳಗೆ ಹೋದಳು.